ಅರ್ತ್ ಗುಂಡಿಗೆ ಒಂದು ಬಿಂದಿಗೆ ನೀರು

ಹಸು ನೀರನ್ನು ಹೀರಿ ಕುಡಿಯುತ್ತದೆ. ಮೂತಿಯನ್ನು ನೀರಿಗಿಟ್ಟು, ಕಣ್ಣು ಅರ್ಧ ಮುಚ್ಚಿ, ಗುಟುಕು ಗುಟುಕಾಗಿ ಇಳಿಸುತ್ತದೆ. ಪಕ್ಕದಲ್ಲಿ ನಿಂತವರಿಗೆ ಆ ಸದ್ದು ಕೇಳಿಯೇ ಬಾಯಾರಿಕೆ ತೀರಿದಂತಾಗುತ್ತದೆ. ನಮ್ಮ ಕೆಂದಹಸು ಒಂದು ಬೆಳಿಗ್ಗೆ ಹಾಗೆ ಕುಡಿಯುವುದನ್ನು ಬಿಟ್ಟು ನಾಲಗೆಯ ತುದಿಯಿಂದ ನೀರನ್ನು ನೆಕ್ಕತೊಡಗಿತು. ನೆಕ್ಕುವುದು, ಬೆಚ್ಚಿ ತಲೆ ಎತ್ತುವುದು, ತೊಟ್ಟಿಯನ್ನೇ ದಿಟ್ಟಿಸುವುದು, ಮತ್ತೆ ಹೆದರಿ ಹೆದರಿ ನೆಕ್ಕುವುದು.

"ಕೇಳುದ್ರಾ? ಒಸಿ ಬನ್ನಿ ಇಲ್ಲಿ," ಎಂದು ಕೊಟ್ಟಿಗೆಯಿಂದ ನನ್ನ ಹೆಂಡತಿ ಕೂಗಿದಳು. "ಇದ್ಯಾಕೆ ನಾಯಿ ನೆಕ್ದಂಗೆ ನೆಕ್ತಾ ಅದೆ?"

"ನೀರು ತಣ್ಣಗಿರ್ಬೇಕು, ಬುಡು."

"ಬ್ಯಾಸ್ಗೇಲಿ ತಣ್ಣೀರಿಗೆ ಯಾವ ಅಸ ಎದರ್ತದೆ? ಮೇಷ್ಟ್ರಾಗಿ ಇಷ್ಟೂ ಗೊತ್ತಾಗಲ್ವಾ?"

ನಾನು ಪಾಂಡವಪುರದ ಪಕ್ಕದ ಒಂದು ಹಳ್ಳಿಯವನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ನಮಗೆ ಮಕ್ಕಳಿಲ್ಲ. ಹೊಟ್ಟೆಬಟ್ಟೆಗೆ ತಕ್ಕಷ್ಟು ಜಮೀನಿದೆ, ಅದನ್ನು ಬೆಳೆಯಲ್ಲಿ ಪಾಲಿನ ಮೇಲೆ ವಾರಕ್ಕೆ ಕೊಟ್ಟಿದ್ದೇವೆ. ಮನೆಯಲ್ಲಿ ಜೀವ ಅಂತ ಇದ್ದದ್ದು ನಾವಿಬ್ಬರು, ಮತ್ತೆ ಈ ಹಸು. ನಮ್ಮವ್ವನ ತೌರು ನಾಗಮಂಗಲದ ಕಡೆ. ಅಲ್ಲಿಂದ ಒಂದು ಹಸು ನಮ್ಮ ಮನೆಗೆ ಬಂದಿತ್ತು, ಇದು ಆ ಸಂತಾನದ ಕೊನೆಯದು, ಇದರ ಕರುವೂ ಉಳಿಯಲಿಲ್ಲ. ಇದನ್ನು ಹಾಕಿದ ತಾಯಿ ಗಿಣ್ಣುಹಾಲು ಕೊಡುವ ಮೊದಲೇ ಸತ್ತುಹೋಯಿತು. ಆಗ ನನ್ನ ಹೆಂಡತಿ ಊರಲ್ಲಿ ಕರೆಯುವ ಹಸುಗಳ ಮನೆಮನೆಗೂ ಚೊಂಬು ಹಿಡಿದು ಹೋಗಿ, ಬಾಟ್ಲಿಗೆ ನಿಪ್ಪಲ್ಲು ಕಟ್ಟಿ, ತೊಡೆಯ ಮೇಲೆ ಅದರ ತಲೆ ಇಟ್ಟುಕೊಂಡು ಸಾಕಿದಳು. ಅವಳು ಅದನ್ನು "ಕೂಸೆ" ಎಂದೇ ಕರೆಯುತ್ತಿದ್ದಳು. ಈಗಲೂ ಹಾಗೇ ಕರೆಯುತ್ತಾಳೆ.

ಆ ಬೇಸಿಗೆಯಲ್ಲೂ ಎಂದಿನಂತೆ ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ನಪಾಸಾದ ಮಕ್ಕಳು ಸಂಜೆ ನಮ್ಮ ಜಗಲಿಗೆ ಬರುತ್ತಿದ್ದರು. ಮರುಪರೀಕ್ಷೆಗೆ ಪಾಠ. ಪಾಪ, ಅವಕ್ಕೆ ಎಲ್ಲಕ್ಕಿಂತ ಹೆದರಿಕೆ ವಿದ್ಯುಚ್ಛಕ್ತಿ ಮತ್ತು ಕಾಂತತ್ವದ ಪಾಠಗಳಿಗೆ. ಅದಕ್ಕೇ ನಾನು ಪುಸ್ತಕ ಮುಚ್ಚಿಸಿ ಕತೆಯ ಹಾಗೆ ಹೇಳುತ್ತಿದ್ದೆ.

"ನಾಲೆ ನೀರು ನಿಮ್ಮ ಗದ್ದೆಗೆ ಯಾಕೆ ಹರೀತದೆ?"

"ಗದ್ದೆ ತಗ್ಗಲ್ಲಿ ಅದೆ ಸಾ."

"ಎರಡು ಗದ್ದೇನೂ ಸಮ ಇದ್ರೆ?"

"ನೀರು ನಿಂತ್ಕತದೆ ಸಾ."

"ಅಷ್ಟೇ ಕಣ್ರಪ್ಪ. ಆ ಎತ್ತರ ತಗ್ಗಿನ ವ್ಯತ್ಯಾಸಕ್ಕೇ ಕರೆಂಟಿನಲ್ಲಿ ವಿಭವಾಂತರ ಅಂತಾರೆ. ಹರಿಯೋ ನೀರೇ ಪ್ರವಾಹ. ನಡುವೆ ಕಳೆ ಬೆಳ್ಕಂಡು ನೀರನ್ನ ತಡೀತದಲ್ಲ, ಅದು ರೋಧ. ತಂತಿ ಮೇಲೆ ಕೂತ ಹಕ್ಕಿಗೆ ಕರೆಂಟು ಯಾಕೆ ಹೊಡೆಯಲ್ಲ? ಅದರ ಎರಡು ಕಾಲೂ ಒಂದೇ ತಂತಿ ಮೇಲಿರ್ತವೆ. ಅದಕ್ಕೆ ಎತ್ತರ ತಗ್ಗೇ ಇಲ್ಲ. ಅದ್ಕೇ ಕರೆಂಟು ಅದರ ಮೈಯೊಳಗೆ ಹರಿಯಲ್ಲ."

ಮುಂದೆ ಕೂತಿದ್ದ ಎರಡು ಜಡೆಯ ಹುಡುಗಿ ಕೈ ಎತ್ತಿದಳು. ಬಲು ತರಲೆ. "ಸಾ, ಒಂದು ಕಾಲು ತಂತಿ ಮ್ಯಾಲೆ, ಒಂದು ಕಾಲು ನೆಲದ ಮ್ಯಾಲೆ ಇಟ್ರೆ?"

"ಅಷ್ಟು ಉದ್ದ ಕಾಲಿನ ಹಕ್ಕಿ ನಿಮ್ಮೂರಲ್ಲಿದ್ರೆ ಇಡ್ಕಂಡು ಬಾರವ್ವ, ನೋಡಾನ."

ಜಗಲಿಯೆಲ್ಲ ನಕ್ಕಿತು. ಆ ನಗುವಿನ ನಡುವೆ ಪಕ್ಕದ ಕೊಟ್ಟಿಗೆಯಿಂದ ಹಸು ಗೊರಸು ಎತ್ತಿ ಎತ್ತಿ ಇಡುವ ಟಪ ಟಪ ಸದ್ದು ಕೇಳುತ್ತಿತ್ತು. ಕಾದ ಹೆಂಚಿನ ಮೇಲೆ ನಿಂತ ಪ್ರಾಣಿಯ ಹಾಗೆ.

ಇದೆಲ್ಲ ಶುರುವಾದದ್ದು ಒಂದು ಬಿರುಗಾಳಿ ಮಳೆಯ ಮಾರನೆ ದಿನದಿಂದ. ತೆಂಗಿನ ಗರಿಯೊಂದು ಮುರಿದು ಬಿದ್ದು, ಕಂಬದಿಂದ ನಮ್ಮ ಮನೆಗೆ ಬರುವ ಜೋಡಿ ತಂತಿ ನಡುವೆಯೇ ಕಿತ್ತುಹೋಗಿತ್ತು. ಊರಿಗೆ ಊರೇ ಕತ್ತಲೆ. ಲೈನ್‌ಮನ್ ಬರುವುದು ತಡವಾಗುತ್ತದೆ ಅಂತ ಸುದ್ದಿ. ಅವತ್ತು ನನ್ನ ಭಾಮೈದ ಕಿರಂಗೂರಿನಿಂದ ಅಕ್ಕನ್ನ ನೋಡೋಕೆ ಬಂದಿದ್ದ. ಟ್ರಾಕ್ಟರು ಇಟ್ಟುಕೊಂಡವನು. ಅವನ ಕೈಗೆ ಕಟಿಂಗ್ ಪ್ಲೇಯರ್ ಸಿಕ್ಕರೆ ಲೋಕದಲ್ಲಿ ರಿಪೇರಿಯಾಗದ ವಸ್ತುವೇ ಇಲ್ಲ.

"ಲೈನ್ ಎಂಗೂ ಸತ್ತೋಗದೆ ಭಾವ. ಎರಡು ತಂತಿ ಸೇರ್ಸಕ್ಕೆ ಅದೇನು ಬ್ರಹ್ಮವಿದ್ಯೆಯಾ?"

"ಬ್ಯಾಡ ಕಣ್ಲಾ. ಅವರೇ ಬರ್ಲಿ," ಅಂತ ನಾನು ಹೇಳುತ್ತಲೇ ಇದ್ದೆ. ಅವನು ಏಣಿ ಹತ್ತಿ, ಸೇರಿಸಿ, ಟೇಪು ಸುತ್ತಿ ಇಳಿದೇಬಿಟ್ಟ. ಕರೆಂಟು ಬಂದಾಗ ದೀಪ ಹತ್ತಿತು, ಫ್ಯಾನು ತಿರುಗಿತು. ಅವನು ಮೀಸೆಯ ಮೇಲೆ ಕೈಯಾಡಿಸಿ ಮುದ್ದೆ ಉಂಡು ಹೋದ. ಮಾರನೆ ದಿನ ಹಸು ನೀರು ನೆಕ್ಕಿತು. ಯಾರು ತಾನೆ ಈ ಎರಡಕ್ಕೂ ಗಂಟು ಹಾಕುತ್ತಾರೆ? ಊರವರು ಹಾಕಿದ ಗಂಟೇ ಬೇರೆ. ಸಿಡಿಲಿಗೆ ಹಸು ಬೆದರಿದೆ ಅಂದರು. ಗರಿ ಬಿದ್ದ ಮನೆಗೆ ದೃಷ್ಟಿಯಾಗಿದೆ ಅಂದರು. ಹಿರಿಯ ಹೆಂಗಸೊಬ್ಬಳು ಬಂದು ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿ, "ನೋಡವ್ವ, ಘಾಟೇ ಬರ್ನಿಲ್ಲ. ಬೋ ಕೆಟ್ಟ ಕಣ್ಣು," ಎಂದು ತಲೆ ಅಲ್ಲಾಡಿಸಿ ಹೋದಳು. ನಾಗಮಂಗಲದ ಕಡೆಯಿಂದ ತಾಯತ ತರಿಸಿ ಕೊರಳಿಗೆ ಕಟ್ಟಿದ್ದೂ ಆಯಿತು. ವಿಜ್ಞಾನದ ಮೇಷ್ಟ್ರ ಹಸುವಿನ ಕೊರಳಲ್ಲಿ ತಾಯತ. ಬೇರೆ ಕಾಲದಲ್ಲಾಗಿದ್ದರೆ ನಾನೇ ನಗುತ್ತಿದ್ದೆ. ಅವತ್ತು ಗಂಟು ಬಿಗಿಯಾಗಿದೆಯೇ ಅಂತ ಎಳೆದು ನೋಡಿದೆ.

ಹಾಲು ಇಳಿಯಿತು. ಹಸುವಿಗೆ ಹಾಲು ಕೆಚ್ಚಲಲ್ಲಿ ಇದ್ದರೆ ಸಾಲದು, ಅದು ಮನಸ್ಸು ಮಾಡಿ ಮೊಲೆಗೆ ಇಳಿಸಬೇಕು, ಸೊರೆಬಿಡಬೇಕು. ಇದು ಬಿಡಲೇ ಇಲ್ಲ. ಹೆಂಡತಿ ಕರೆಯಲು ಕೂತರೆ ಮೈ ಕಂಪಿಸುವುದು, ಹಿಂಗಾಲು ಕುಣಿಸುವುದು. ಉಳಿದ ಹಾಲು ಒಳಗೇ ಕಟ್ಟಿ ಒಂದು ಮೊಲೆಗೆ ಬಾವು ಬಂತು. ಡೈರಿಗೆ ಒಯ್ದ ಹಾಲು ಒಡೆದಿದೆ ಎಂದು ವಾಪಸು ಬಂತು. ಹೆಂಡತಿ ಅದನ್ನು ತೆಂಗಿನ ಬುಡಕ್ಕೆ ಸುರಿದು, ಕ್ಯಾನು ತೊಳೆದು ಬೋರಲು ಹಾಕಿ, ಒಳಗೆ ಹೋದಳು. ಕೊಟ್ಟಿಗೆಯ ಹೊಸಿಲು ದಾಟಿಸಬೇಕೆಂದರೆ ಹಸುವನ್ನು ಹಿಂದಿನಿಂದ ನಾನು ನೂಕಬೇಕು, ಮುಂದಿನಿಂದ ಅವಳು ಎಳೆಯಬೇಕು. ಸಾಕಿದವರೇ ಹೀಗೆ ಮಾಡುತ್ತೀರಲ್ಲ ಅನ್ನುವ ಹಾಗೆ ಅದು ಕತ್ತು ತಿರುಗಿಸಿ ನೋಡುತ್ತಿತ್ತು. ಆ ನೋಟವನ್ನು ತಪ್ಪಿಸಲು ನಾನು ಅದರ ಬಾಲವನ್ನು ನೋಡುತ್ತಿದ್ದೆ.

ಸಾಲದ್ದಕ್ಕೆ ಇವಳಿಗೂ ಕೈಕಾಲು ಜುಮ್ಮೆನ್ನಲು ಶುರುವಾಯಿತು.

"ಆಲು ಕರಿಯಕ್ಕೆ ಕೂತ್ರೆ ಬೆರಳೆಲ್ಲ ಇರುವೆ ಅರಿದಂಗಾಯ್ತದೆ ಕಣ್ರೀ."

ಅವಳಿಗೆ ಸಕ್ಕರೆ ಕಾಯಿಲೆ ಹಳೆಯದು. ಪಾಂಡವಪುರದ ಡಾಕ್ಟರಿಗೆ ತೋರಿಸಿದೆವು. ಸಕ್ಕರೆಯಿಂದ ನರ ಸೋತರೆ ಹಾಗಾಗುವುದುಂಟು ಎಂದು ಅವರು ಮಾತ್ರೆ ಕೊಟ್ಟರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ, "ಅದಕ್ಕೂ ಆಯ್ತಿಲ್ಲ, ನಂಗೂ ಆಯ್ತಿಲ್ಲ. ಇಬ್ರೂ ಒಟ್ಟಿಗೇ ಓಯ್ತೀವೇನೋ," ಅಂದಳು. ನಾನು ಗದರಿದೆ. ಗದರಿದ್ದು ಅವಳನ್ನಲ್ಲ, ನನ್ನೊಳಗಿದ್ದ ಅದೇ ಮಾತನ್ನು.

ದನದ ಡಾಕ್ಟರು ಬಂದರು. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಕೊಟ್ಟಿಗೆಗಿಳಿದು, ಎದೆಗೂಡು ತಟ್ಟಿ, ಬೆನ್ನು ಹಿಂಡಿ ನೋಡಿದರು. ಒಳ್ಳೆಯ ಮನುಷ್ಯ.

"ಮೇಷ್ಟ್ರೇ, ಮೇವಿನ ಜೊತೆ ಮೊಳೆನೋ ತಂತಿ ಚೂರೋ ನುಂಗಿರಬೇಕು. ನಿಮ್ಮನೇಲಿ ಮೇವು ಕತ್ತರಿಸೋ ಮಿಷನ್ ಇದೆಯಲ್ಲ, ಅದರಲ್ಲಿ ತಂತಿ ಸಿಕ್ಕಿದ್ರೂ ಚೂರಾಗಿ ಬೀಳುತ್ತೆ. ದನ ಆರಿಸಿ ತಿನ್ನಲ್ಲ, ಎಲ್ಲ ಒಳಗೆ. ಅದು ಚುಚ್ಚಿದ್ರೆ ಹೀಗೇ ಆಡ್ತವೆ."

ಬ್ಯಾಗಿನಿಂದ ಬೆರಳುದ್ದದ, ಅಂಚು ನುಣುಪಾದ ಒಂದು ಅಯಸ್ಕಾಂತ ತೆಗೆದರು. ಅದನ್ನು ಹಸುವಿನ ಗಂಟಲಿಗೆ ಇಳಿಸಿದರು. ಅದು ಹೊಟ್ಟೆಯ ಒಂದು ಚೀಲದಲ್ಲಿ ಹೋಗಿ ಕೂರುತ್ತದಂತೆ. ಒಳಗಿರುವ ಕಬ್ಬಿಣದ ಚೂರನ್ನೆಲ್ಲ ತನ್ನ ಮೈಗೆ ಅಂಟಿಸಿಕೊಂಡು, ಚುಚ್ಚಲು ಬಿಡದೆ, ಹಸು ಬದುಕಿರುವ ತನಕ ಅಲ್ಲೇ ಇರುತ್ತದಂತೆ. "ಇದರಲ್ಲೂ ಗುಣ ಕಾಣದಿದ್ರೆ ಹೊಟ್ಟೆ ಕುಯ್ದು ನೋಡಬೇಕು. ಈ ಸೊರಗಿದ ಮೈಗೆ ಅದು ಸುಲಭ ಅಲ್ಲ," ಎಂದು ನನ್ನೊಬ್ಬನಿಗೇ ಮೆಲ್ಲಗೆ ಹೇಳಿ ಹೋದರು.

ಸಂಜೆ ಪಾಠಕ್ಕೆ ಬಂದ ಮಕ್ಕಳಿಗೆ ಆ ಸುದ್ದಿ ಹೇಳಿದ್ದೇ ತಪ್ಪಾಯಿತು. ತೋರಿಸಲೇಬೇಕು ಅಂತ ಹಟ. ಪೆಟ್ಟಿಗೆಯಿಂದ ದಿಕ್ಸೂಚಿ ತೆಗೆದೆ. ಹಸು ಹೊರಗೆ ಹೊಂಗೆ ಮರದ ನೆರಳಲ್ಲಿ ನಿಂತಿತ್ತು. ಮುಂಗಾಲಿನ ಹಿಂದೆ, ಎಡ ಪಕ್ಕೆಗೆ ದಿಕ್ಸೂಚಿ ಹಿಡಿದರೆ, ಮುಳ್ಳು ಉತ್ತರವನ್ನು ಬಿಟ್ಟು ಹೊಟ್ಟೆಯ ಕಡೆ ತಿರುಗಿ ನಿಂತಿತು. ಅಯಸ್ಕಾಂತಕ್ಕೆ ಚರ್ಮ ಮಾಂಸ ಯಾವುದೂ ಅಡ್ಡ ಬರುವುದಿಲ್ಲ, ಅದರ ಕ್ಷೇತ್ರ ಎಲ್ಲವನ್ನೂ ದಾಟಿ ಬರುತ್ತದೆ ಎಂದು ವಿವರಿಸಿದೆ.

"ಸಾ, ಇನ್ ಮ್ಯಾಲೆ ಅಸ ಕಳೆದೋಗ ಭಯ ಇಲ್ಲ ಬುಡಿ. ಉತ್ತರ ದಿಕ್ಕು ನೋಡ್ಕಂಡು ಅದೇ ಮನೆಗೆ ಬತ್ತದೆ," ಎಂದಳು ಎರಡು ಜಡೆಯವಳು.

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಎಷ್ಟೋ ದಿನದ ಮೇಲೆ ನಕ್ಕಳು. ಹೊರಗೆ ಮರದಡಿ ನಿಂತಾಗ ಹಸು ಕಾಲು ಕುಣಿಸುತ್ತಿರಲಿಲ್ಲ ಅನ್ನುವುದನ್ನು ನಾವೆಲ್ಲ ನೋಡಿದೆವು. ಅಯಸ್ಕಾಂತ ಹಿಡಿಯಿತು ಅಂದುಕೊಂಡೆವು. ಅವಳು ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

ಕೊಟ್ಟಿಗೆಗೆ ಕಟ್ಟಿದ ಮೇಲೆ ಮತ್ತೆ ಅದೇ ಟಪ ಟಪ.

ಭರವಸೆ ಇಲ್ಲದೆ ಇರುವುದು ಒಂದು ಕಷ್ಟ. ಬಂದು ಹೋಗುವುದು ಅದಕ್ಕಿಂತ ದೊಡ್ಡ ಕಷ್ಟ. ಅಲ್ಲಿಂದ ಮುಂದೆ ಅವಳು ಸರಿಯಾಗಿ ಉಣ್ಣಲಿಲ್ಲ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಹಾಗೇ ಕೂತಿರುತ್ತಿದ್ದಳು. "ಉಣ್ಣು," ಅಂದರೆ, "ಅದು ನೀರೂ ಕುಡೀದೆ ನಿಂತದೆ," ಅನ್ನುವಳು. ಅವಳ ಕೈಬಳೆ ಮೊಣಕೈ ತನಕ ಜಾರುವುದನ್ನು ನೋಡುತ್ತ, ನಾನು ಹುಡುಗರಿಗೆ ಬಲ್ಬು, ಬ್ಯಾಟರಿ, ಸ್ವಿಚ್ಚಿನ ಚಿತ್ರ ಬರೆಸುತ್ತಿದ್ದೆ. ಬರೆಸುತ್ತ ಬರೆಸುತ್ತ ಯಾವ ಗೆರೆ ಎಲ್ಲಿಗೆ ಹೋಯಿತು ಅಂತ ನನಗೇ ತಪ್ಪುತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ ಹಸು ಅವಳನ್ನು ಒದೆಯಿತು. ಹಾಲಿನ ಪಾತ್ರೆಯೊಂದಿಗೆ ಅವಳು ಗೋಡೆಗೆ ಹೋಗಿ ಬಿದ್ದಳು. ಮುಂಗೈ ಊದಿಕೊಂಡಿತು. ಹೊಟ್ಟೆಯಲ್ಲಿ ಹುಟ್ಟಿದ ಮಗು ಹೊಡೆದರೆ ಎಷ್ಟು ನೋಯಬಹುದೋ ಅಷ್ಟು ನೋವು ಅವಳ ಮುಖದಲ್ಲಿತ್ತು. ಆದರೂ, "ಅದ್ರದ್ದೇನೂ ತೆಪ್ಪಿಲ್ಲ," ಎಂದು ಹಸುವಿನ ಪರವೇ ವಕಾಲತ್ತು.

ಭಾಮೈದ ಓಡಿ ಬಂದ. "ಇವತ್ತು ಕೈ, ನಾಳೆ ಎದೆಗೆ ಒದೀತದೆ. ಭಾವ, ನಿಮ್ಗೆ ಅಸ ಬೇಕೋ, ನಮ್ಮಕ್ಕ ಬೇಕೋ, ಈಗ್ಲೇ ಯೋಳ್ಬುಡಿ."

ಕೆ.ಆರ್. ಪೇಟೆ ಕಡೆಯ ದಲ್ಲಾಳಿಯೊಬ್ಬನನ್ನು ಅವನೇ ಕರೆತಂದ. ಅಡಿಕೆ ಎಲೆ ಜಗಿಯುವ ಹಿರಿಯ ಮನುಷ್ಯ, ಮಾತು ಕಡಿಮೆ. ಹಸುವಿನ ಹಲ್ಲು ನೋಡಿದ, ಬಾವು ನೋಡಿದ. "ಸೋಮವಾರ ಗಾಡಿ ತತ್ತೀನಿ," ಅಂದ. ಎಲ್ಲಿಗೆ ಒಯ್ಯುತ್ತೀಯ ಅಂತ ನನ್ನ ಹೆಂಡತಿ ಕೇಳಿದಳು. "ಯಾರಾದ್ರೂ ಸಾಕೋರು ಸಿಕ್ತಾರೆ ಕಣವ್ವ," ಎನ್ನುವಾಗ ಅವನು ಅವಳನ್ನು ನೋಡದೆ ಎಲೆಗೆ ಸುಣ್ಣ ಹಚ್ಚುತ್ತಿದ್ದ. ನಾನು ಆಗಲಿ ಅಂದೆ. ಮಾತು ಕೊಟ್ಟಾಯಿತು. ಅವಳು ಎದುರಾಡಲಿಲ್ಲ. ಎದುರಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸೋಮವಾರ ಬೆಳಕು ಹರಿಯುವ ಹೊತ್ತಿಗೇ ಅವಳು ಹಸುವಿನ ಮೈ ತೊಳೆದಳು. ಕೊಟ್ಟಿಗೆಯ ನೆಲಕ್ಕೂ ನೀರು ಹೊಯ್ದು ಗುಡಿಸಿದಳು. ಹಿಂದೆ ಅದು ಮಣ್ಣಿನ ನೆಲ. ಹೋದ ವರ್ಷ ಕಾಂಕ್ರೀಟು ಹಾಕಿಸಿ, ಮರದ ಗೂಟ ಕಿತ್ತು, ಉದ್ದಕ್ಕೂ ಒಂದು ಕಬ್ಬಿಣದ ಪೈಪು ನಿಲ್ಲಿಸಿದ್ದೆವು. ಹಗ್ಗವನ್ನು ಜಗಿದು ಹಾಕುತ್ತದೆ ಅಂತ ಹಸುವನ್ನು ಕಬ್ಬಿಣದ ಸರಪಣಿಯಲ್ಲಿ ಆ ಪೈಪಿಗೇ ಕಟ್ಟುತ್ತಿದ್ದೆವು. ಡ್ರಮ್ಮು ಅರ್ಧಕ್ಕೆ ಕೊಯ್ದು ಮಾಡಿದ ನೀರಿನ ತೊಟ್ಟಿಯೂ ಅದಕ್ಕೇ ಒರಗಿತ್ತು.

ನಾನು ಹೊಸಿಲಲ್ಲಿ ನಿಂತಿದ್ದೆ. ಅವಳು ತಟ್ಟೆಯಲ್ಲಿ ಅರಿಶಿನ ಕುಂಕುಮ, ಬೆಲ್ಲ, ಅಕ್ಕಿ ಹಿಡಿದು ನನ್ನ ಕಾಲನ್ನು ನೋಡಿದಳು.

ಇದು ನಮ್ಮ ಮನೆಯ ಹಳೆಯ ವ್ಯಾಜ್ಯ. ಕೊಟ್ಟಿಗೆಗೆ ಕಾಲಲ್ಲಿ ಏನೂ ಹಾಕಿಕೊಂಡು ಹೋಗಬಾರದು, ಅಲ್ಲಿ ಲಕ್ಷ್ಮಿ ಇರುತ್ತಾಳೆ ಎಂದು ಅವಳು. ಹಿಮ್ಮಡಿ ಒಡೆದಿದೆ, ಸಗಣಿ ನೀರು ಉರಿಯುತ್ತದೆ ಎಂದು ನಾನು. ನಾನು ಹವಾಯಿ ಚಪ್ಪಲಿ ಬಿಡದವನು. ಅವಳು ಒಂದು ದಿನವೂ ಮೆಟ್ಟಿನಲ್ಲಿ ಒಳಗೆ ಕಾಲಿಡದವಳು.

"ಇವತ್ತಾದ್ರೂ ಆ ಎಕ್ಕಡ ಬುಟ್ಟು ಬನ್ನಿ," ಅಂದಳು. "ಓಗ ಮಗೀಗೆ ಒಂದು ಕೈ ಮುಗೀರಿ."

ಚಪ್ಪಲಿ ಬಿಟ್ಟು ಒದ್ದೆ ನೆಲದ ಮೇಲೆ ನಡೆದು ಹೋದೆ. ಹಸುವಿನ ಹಣೆಗೆ ಕುಂಕುಮ ಇಟ್ಟೆ. ಕಾಲು ಮುಟ್ಟಲು ಬಗ್ಗಿದೆ. ಮಂಡಿ ನೋವಿನವನು, ಆಸರೆಗೆ ಪೈಪು ಹಿಡಿದೆ.

ಮುಂಗೈಯಿಂದ ಹಿಮ್ಮಡಿಯವರೆಗೆ ಜುಮ್ಮೆಂದಿತು.

ಕೈ ಕಿತ್ತುಕೊಂಡು ನಿಂತೆ. ತಿರುಗಿ ಬೆರಳ ಹಿಂಭಾಗ ಮಾತ್ರ ತಾಗಿಸಿದೆ. ಮತ್ತೆ ಅದೇ. ಇರುವೆ ಹರಿದ ಹಾಗೆ. ಅವಳು ವಾರಗಟ್ಟಲೆಯಿಂದ ಹೇಳುತ್ತಿದ್ದಳಲ್ಲ, ಅದೇ ಇರುವೆ.

"ಆಚೆಗೋಗು!" ಎಂದು ಕಿರುಚಿದೆ. "ಏನನ್ನೂ ಮುಟ್ಬ್ಯಾಡ, ಆಚೆಗೋಗು!"

ನನಗೆ ಪಾರ್ಶ್ವವಾಯು ಹೊಡೆಯಿತು ಅಂದುಕೊಂಡು ಅವಳು, "ಅಯ್ಯೋ, ಯಾರಾದ್ರೂ ಬನ್ರಪ್ಪ!" ಎಂದು ಬೀದಿಗೆ ಓಡಿದಳು. ನಾನು ಮನೆಯೊಳಗೆ ಓಡಿ ಮೇನ್ ಸ್ವಿಚ್ಚು ಇಳಿಸಿದೆ. ಪುಣ್ಯಕ್ಕೆ ನಮ್ಮದು ಹಳೆಯ ಕಬ್ಬಿಣದ ಪೆಟ್ಟಿಗೆಯ ಸ್ವಿಚ್ಚು, ಎರಡೂ ತಂತಿಯನ್ನು ಒಟ್ಟಿಗೆ ಕಡಿಯುವಂಥದ್ದು. ಗೋಡೆಗೆ ಒರಗಿ ನಿಂತೆ. ತಲೆಯೊಳಗೆ ಜಗಲಿಯ ನಗು. ಉದ್ದ ಕಾಲಿನ ಹಕ್ಕಿ ಇದ್ದರೆ ಹಿಡಿದು ತಾರವ್ವ ಅಂದಿದ್ದೆನಲ್ಲ, ಅದು ನನ್ನ ಕೊಟ್ಟಿಗೆಯಲ್ಲೇ ಇತ್ತು. ಕೊರಳು ಕಬ್ಬಿಣಕ್ಕೆ ಬಿಗಿದು, ಕಾಲು ಒದ್ದೆ ನೆಲದ ಮೇಲೆ. ಎತ್ತರದಿಂದ ತಗ್ಗಿಗೆ ಕರೆಂಟು ಹರಿಯಲು ಅದರ ಮೈಯೇ ಕಾಲುವೆ. ಬಾಯಿ ಬಿಟ್ಟು ಹೇಳಲಾರದ ಪ್ರಾಣಿ ಹೇಳಿದ್ದು ಅಷ್ಟೇ: ಕಾಲೆತ್ತಿ ಕಾಲೆತ್ತಿ.

ಅಷ್ಟರಲ್ಲಿ ಬಾಗಿಲಿಗೆ ಗಾಡಿ ಬಂತು. ದಲ್ಲಾಳಿ ಇಳಿದ, ಹಿಂದೆಯೇ ಭಾಮೈದ. ಬೀದಿಯಲ್ಲಿ ನನ್ನ ಹೆಂಡತಿಯ ಕೂಗು ಕೇಳಿ ನಾಲ್ಕು ಜನ ಸೇರಿದ್ದರು.

"ಅಸೀನ ಕಳಿಸಲ್ಲ. ಅದಕ್ಕೆ ಕಾಯಿಲೆ ಇಲ್ಲ, ಕರೆಂಟು ಒಡೀತಾ ಇತ್ತು," ಅಂದೆ.

ಭಾಮೈದ ದಲ್ಲಾಳಿಯ ಕಿವಿಯಲ್ಲಿ, "ಭಾವಂಗೆ ಒಸಿ ಮನಸಿಗೆ ಅಚ್ಕಂಡದೆ," ಅಂದದ್ದು ನನಗೂ ಕೇಳಿಸಿತು. ಆಮೇಲೆ ಜೋರಾಗಿ, "ಕರೆಂಟು ಒಡೆದ್ರೆ ಅಸ ಸಾಯಲ್ವಾ ಭಾವ? ನಾನೂ ಆ ಪೈಪು ಮುಟ್ಟಿವ್ನಿ. ಏನಾಯ್ತು ನಂಗೆ?"

"ನಿನ್ನ ಕಾಲಲ್ಲಿ ಏನದೆ ನೋಡ್ಕಳ್ಲಾ."

ಅವನ ಕಾಲಲ್ಲಿ ರಬ್ಬರಿನ ದಪ್ಪ ಚಪ್ಪಲಿ. ದನದ ಡಾಕ್ಟರ ಕಾಲಲ್ಲಿ ಬೂಟು. ನನ್ನ ಕಾಲಲ್ಲಿ ಹವಾಯಿ. ಬರಿಗಾಲಲ್ಲಿ ಇದ್ದವರು ಇಬ್ಬರೇ.

"ಮಾತು ಕೊಟ್ಟಿದ್ರಿ ಮೇಷ್ಟ್ರೇ," ಎಂದ ದಲ್ಲಾಳಿ ಮೆಲ್ಲಗೆ.

"ಕೊಟ್ಟಿದ್ದೆ. ಒಂದು ಬಿಂದಿಗೆ ನೀರು ಕುಡಿಯೋ ತನಕ ತಡ್ಕಳಪ್ಪ. ಆಮೇಲೂ ಅದು ನೆಕ್ಕಿದ್ರೆ ಕಟ್ಕಂಡೋಗು."

ಹಾಗೆ ಹೇಳಿದ ಮೇಲೆ ನನಗೇ ಭಯವಾಯಿತು. ಇಷ್ಟು ದಿನ ಹೆದರಿದ ಪ್ರಾಣಿ, ಇವತ್ತು ಕರೆಂಟಿಲ್ಲ ಎಂದು ಅದಕ್ಕೆ ಯಾರು ತಿಳಿಸಿ ಹೇಳಬೇಕು? ಹೆಂಡತಿ ತೊಟ್ಟಿಗೆ ನೀರು ತುಂಬಿದಳು. ಹಸು ಮೂತಿ ಚಾಚಿತು. ಹಿಂದಕ್ಕೆಳೆಯಿತು. ನಾಲಗೆಯ ತುದಿ ಮಾತ್ರ ತಾಗಿಸಿ ನೆಕ್ಕಿತು. ಭಾಮೈದ ನನ್ನ ಕಡೆ ನೋಡಿದ. ದಲ್ಲಾಳಿ ಹೆಗಲಿನ ಹಗ್ಗ ಕೈಗೆ ತೆಗೆದುಕೊಂಡ. ನನ್ನ ಹೆಂಡತಿ ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಊದಿದ ಕೈಯನ್ನು ನೀರಲ್ಲಿಳಿಸಿ, "ಏನಿಲ್ಲ ಕೂಸೆ. ನೋಡು, ನಾನೂ ಕೈ ಇಟ್ಟಿವ್ನಿ. ಏನಿಲ್ಲ," ಎಂದಳು. ಆ ಧ್ವನಿ ಬಾಟ್ಲಿ ಹಾಲಿನ ಕಾಲದ್ದು.

ಹಸು ಇನ್ನೊಮ್ಮೆ ನೆಕ್ಕಿತು. ನಿಂತಿತು. ಕಿವಿ ಮುಂದೆ ಮಾಡಿತು. ಆಮೇಲೆ ಮೂಗಿನವರೆಗೂ ಮೂತಿ ಮುಳುಗಿಸಿತು.

ಗುಟುಕ್. ಗುಟುಕ್. ಗುಟುಕ್.

ತೊಟ್ಟಿ ಖಾಲಿಯಾಗುವ ತನಕ ಆ ಸದ್ದೊಂದೇ. ಖಾಲಿಯಾದ ಮೇಲೆ ತಳವನ್ನು ನಾಲಗೆಯಲ್ಲಿ ಕೆರೆಯಿತು. ಹೆಂಡತಿ ಇನ್ನೊಂದು ಬಿಂದಿಗೆ ತರಲು ಹೊರಟವಳು ಅಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನೀರು ತಂದದ್ದು ದಲ್ಲಾಳಿ. ಸುರಿದು, ಹಗ್ಗವನ್ನು ಹೆಗಲಿಗೇ ಹಾಕಿಕೊಂಡು, "ಇಂಗೆ ಕುಡಿಯೋ ಅಸೀನ ನಾನು ಒಯ್ಯಲ್ಲ. ನಿಮ್ ಮಾತು ನಿಮ್ಗೇ ಇರ್ಲಿ ಮೇಷ್ಟ್ರೇ," ಎಂದು ಗಾಡಿ ಹತ್ತಿದ.

ಇಷ್ಟಾದರೂ ಕರೆಂಟು ಎಲ್ಲಿಂದ ಬಂತು ಅನ್ನುವುದು ಉಳಿದೇ ಇತ್ತು. ಹಸುವನ್ನು ಮರದಡಿಗೆ ಕಟ್ಟಿ, ಚಪ್ಪಲಿ ಹಾಕಿಕೊಂಡು, ಮೇನ್ ಏರಿಸಿ, ಟೆಸ್ಟರು ಹಿಡಿದು ಹೊರಟೆ. ಪೈಪಿಗೆ ಇಟ್ಟರೆ ಅದರ ಪುಟ್ಟ ದೀಪ ಬೂದಿ ಮುಚ್ಚಿದ ಕೆಂಡದ ಹಾಗೆ ಮಿನುಗಿತು. ಮೇವು ಕತ್ತರಿಸುವ ಮಿಷನ್ನಿನ ಮೈಗೆ ಇಟ್ಟರೆ ಇನ್ನೂ ಸ್ವಲ್ಪ ಜೋರು. ಮಿಷನ್ನಿನ ಸ್ವಿಚ್ಚು ಆರಿಯೇ ಇತ್ತು. ಆರಿದ ಮೋಟರಿನಲ್ಲಿ ಕರೆಂಟು ಯಾಕೆ?

ಆಗ ಬಿರುಗಾಳಿಯ ದಿನ ನೆನಪಾಯಿತು. ಬಂದ ಎರಡು ತಂತಿಯಲ್ಲಿ ಒಂದು ಸಜೀವ, ಇನ್ನೊಂದು ತಟಸ್ಥ. ಸ್ವಿಚ್ಚು ಇರಬೇಕಾದ್ದು ಸಜೀವ ತಂತಿಯ ದಾರಿಯಲ್ಲಿ. ಆಗ ಅದನ್ನು ಆರಿಸಿದರೆ ಮೋಟರಿಗೆ ಕರೆಂಟು ಬರುವುದೇ ನಿಲ್ಲುತ್ತದೆ. ತಂತಿ ಅದಲುಬದಲಾದರೆ ಸ್ವಿಚ್ಚು ಆರಿಸಿದಾಗ ಹೋಗುವ ದಾರಿ ಮುಚ್ಚುತ್ತದೆಯೇ ಹೊರತು ಬರುವ ದಾರಿಯಲ್ಲ. ಮೋಟರು ತಿರುಗುವುದಿಲ್ಲ, ಒಳಗೆ ಮಾತ್ರ ಕರೆಂಟು ಹೊಂಚು ಹಾಕಿ ನಿಂತಿರುತ್ತದೆ, ಹಗಲೂ ರಾತ್ರಿ. ದೀಪ ಫ್ಯಾನಿಗೆ ಈ ಅದಲುಬದಲು ಗೊತ್ತೇ ಆಗುವುದಿಲ್ಲ.

"ಏಣಿ ಹತ್ತಿದಾಗ ಕೆಂಪು ಯಾವ್ದು, ಕಪ್ಪು ಯಾವ್ದು ಅಂತ ನೋಡಿದ್ಯಾ?" ಎಂದು ಭಾಮೈದನನ್ನು ಕೇಳಿದೆ.

ಅವನು ಕಂಬದ ಕಡೆ ನೋಡಿದ. "ಬಿಸ್ಲಿಗೆ ಎರಡೂ ಬೂದಿ ಬಣ್ಣ ಆಗಿದ್ವು ಭಾವ. ಎಂಗಾದ್ರೂ ಸೇರಿದ್ರೆ ಆಯ್ತು ಅಂತ..." ಮಾತು ಮುಗಿಸದೆ ಜಗಲಿಯ ಮೇಲೆ ಕುಸಿದ.

"ನಿಂಗೆ ತಂತಿ ಕಟ್ಟು ಅಂತ ಯೋಳ್ದೋರ್ಯಾರ್ಲಾ?" ಎಂದು ಅಕ್ಕ ಗುಡುಗಿದಳು.

"ನೀನೇ ಕಣಕ್ಕ. ಸೀರಿಯಲ್ ಓಯ್ತು, ಸೀರಿಯಲ್ ಓಯ್ತು ಅಂತ ಬಡ್ಕತಿದ್ದೆ."

ಆದರೂ ಲೆಕ್ಕ ಪೂರ್ತಿಯಾಗಿರಲಿಲ್ಲ. ಮೋಟರಿನೊಳಗಿನ ಹಳೆಯ ತಂತಿಸುತ್ತು ತೇವ ಹಿಡಿದು ಕರೆಂಟು ಅದರ ಮೈಗೆ ಇಷ್ಟಿಷ್ಟು ಒಸರುತ್ತಿತ್ತು ಅನ್ನೋಣ. ಅದಕ್ಕೇ ಅ‌ರ್ತ್ ತಂತಿ ಇರುವುದು. ಒಸರಿದ್ದನ್ನು ಅದು ಭೂಮಿಗೆ ಒಯ್ಯಬೇಕು. ಮಿಷನ್ನಿನಿಂದ ಹೊರಟ ಆ ತಂತಿ, ಆಸರೆಗೆಂದು ಕೊಟ್ಟಿಗೆಯ ಪೈಪಿಗೇ ಸುತ್ತಿಕೊಂಡು, ಹಿತ್ತಲಿನ ಅರ್ತ್ ಗುಂಡಿಗೆ ಇಳಿದಿತ್ತು. ತುಂಡಾಗಿರಲಿಲ್ಲ. ನಾನು ಗುಂಡಿಯ ಹತ್ತಿರ ಹೋಗಿ ಕೂತೆ. ಇದ್ದಿಲು, ಉಪ್ಪು ತುಂಬಿದ್ದ ಆ ಗುಂಡಿ ಹಪ್ಪಳದ ಹಾಗೆ ಒಣಗಿ ಬಿರುಕು ಬಿಟ್ಟಿತ್ತು.

ನಮ್ಮಪ್ಪ ಓದಿದವರಲ್ಲ. ಮನೆಗೆ ಮೊದಲು ಕರೆಂಟು ಬಂದಾಗ ಆ ಗುಂಡಿ ತೋಡಿದವರೊಬ್ಬರು ಹೇಳಿದ ಮಾತನ್ನು ಅವರು ಕಡೆಯ ತನಕ ನಡೆಸಿದರು. "ಗುಂಡಿಗೆ ದಿನಾ ಒಂದು ಬಿಂದಿಗೆ ನೀರು ಉಯ್ಬೇಕು ಕಣ್ಲಾ. ಅದಕ್ಕೂ ಬಾಯಾರ್ತದೆ," ಅನ್ನುತ್ತಿದ್ದರು. ಆಮೇಲೆ ನನ್ನ ಹೆಂಡತಿ ಅದರ ಪಕ್ಕದಲ್ಲೇ ಪಾತ್ರೆ ಬೆಳಗುತ್ತಿದ್ದರಿಂದ ನೀರು ತಾನಾಗಿ ಹೋಗುತ್ತಿತ್ತು. ಕಾಂಕ್ರೀಟು ಹಾಕಿಸಿದಾಗ ಪಾತ್ರೆ ತೊಳೆಯುವ ಜಾಗ ಮುಂದಿನ ನಲ್ಲಿಗೆ ಬಂತು. ಗುಂಡಿಯ ಮೇಲೆ ಶೀಟು ಬಂತು. ಮಳೆಯೂ ಅದನ್ನು ಮುಟ್ಟಲಿಲ್ಲ. ಒಣಮಣ್ಣಿನ ರೋಧ ಹೆಚ್ಚು. ಅತ್ತ ದಾರಿ ಕಟ್ಟಿದ ಮೇಲೆ ಒಸರಿದ ಕರೆಂಟು ಸಿಕ್ಕಿದ ದಾರಿ ಹಿಡಿಯಿತು: ಪೈಪು, ಸರಪಣಿ, ಹಸು. ಹಸುವಿನ ಕೆಚ್ಚಲಿಂದ ಇವಳ ಕೈ.

"ನೀರು ಉಯ್ಯಿ," ಎಂದು ಅವಳಿಗೆ ಹೇಳಿ ನಾನು ಟೆಸ್ಟರನ್ನು ಮತ್ತೆ ಪೈಪಿಗೆ ಹಿಡಿದೆ. ಅವಳು ಒಂದು ಬಿಂದಿಗೆ ಸುರಿದಳು. ನೆಲ ಗುಳುಗುಳು ಎಂದು ಎಳೆದುಕೊಂಡಿತು. ಇನ್ನೊಂದು. ಮತ್ತೊಂದು. ಬಾಯಾರಿದ ಹಸು ಕುಡಿದ ಹಾಗೇ ಕುಡಿಯಿತು. ನೋಡುನೋಡುತ್ತ ಟೆಸ್ಟರಿನ ಕೆಂಡ ಮಸುಕಾಯಿತು, ಕಣ್ಣು ಮಿಟುಕಿಸಿತು, ಆರಿಹೋಯಿತು.

ಮತ್ತೆ ಮೇನ್ ಇಳಿಸಿದೆ. ಆಮೇಲೆ ಲೈನ್‌ಮನ್ ಬಂದು ತಂತಿ ಸರಿಮಾಡಿದ. ಮೋಟರಿಗೆ ಹೊಸ ಸುತ್ತು ಕಟ್ಟಿಸಿದೆವು. ಅರ್ತ್ ತಂತಿಯನ್ನು ಪೈಪಿನಿಂದ ಬಿಡಿಸಿ ನೇರ ಗುಂಡಿಗೆ ಇಳಿಸಿದೆವು. ಭಾಮೈದ ಒಂದು ತಿಂಗಳು ನಮ್ಮ ಮನೆ ಕಡೆ ಮುಖ ಹಾಕಲಿಲ್ಲ. ಆಮೇಲೆ ಬಂದಾಗ ಹಸುವಿಗೆ ಒಂದು ಹೊರೆ ಹಸಿಹುಲ್ಲು, ಅಕ್ಕನಿಗೆ ಒಂದು ಜೊತೆ ರಬ್ಬರ್ ಚಪ್ಪಲಿ ತಂದ. ಅವಳು ಚಪ್ಪಲಿಯನ್ನು ಅಟ್ಟಕ್ಕೆ ಎಸೆದಳು.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಹಸುವಿನ ಆ ಒಂದು ಮೊಲೆ ಬತ್ತಿಯೇ ಹೋಯಿತು. ಹೆಂಡತಿಯ ಕೈ ಜುಮ್ಮೆನ್ನುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. "ಅರ್ಧ ಕರೆಂಟಿಂದು, ಅರ್ಧ ಸಕ್ರೇದು," ಎಂದು ನಗುತ್ತಾಳೆ. ಆ ಮೋಟರು ಇನ್ನೊಂದಿಷ್ಟು ಹೆಚ್ಚು ಒಸರಿದ್ದರೆ, ಒಂದು ಬೆಳಿಗ್ಗೆ ಒದ್ದೆ ನೆಲದ ಮೇಲೆ ನನಗೆ ಏನು ಕಾಣುತ್ತಿತ್ತು ಅನ್ನುವುದನ್ನು ನಾನು ಅವಳಿಗೆ ಇವತ್ತಿಗೂ ಬಿಡಿಸಿ ಹೇಳಿಲ್ಲ.

ಹಸು ಈಗಲೂ ಕೊಟ್ಟಿಗೆಯ ಹೊಸಿಲಲ್ಲಿ ನಿಂತುಬಿಡುತ್ತದೆ. ನೂಕುವುದನ್ನು ನಾವು ಬಿಟ್ಟಿದ್ದೇವೆ. ಬೆಳಿಗ್ಗೆ ಮೊದಲು ನಾನು ಒಳಗೆ ಹೋಗಿ ಪೈಪಿಗೂ ಮಿಷನ್ನಿಗೂ ಟೆಸ್ಟರು ಹಿಡಿಯುತ್ತೇನೆ.

"ಏನಂತದೆ?" ಎಂದು ಹಿತ್ತಲಿನಿಂದ ಅವಳು. ಅಷ್ಟು ಹೊತ್ತಿಗೆ ಗುಂಡಿಗೆ ನೀರು ಹೊಯ್ದು ಮುಗಿದಿರುತ್ತದೆ.

"ಸುಮ್ಕದೆ."

ಆಮೇಲೆ ಅವಳು ಬರಿಗಾಲಲ್ಲಿ ಒಳಗೆ ಬಂದು ತೊಟ್ಟಿಯ ನೀರಿಗೆ ಕೈ ಇಳಿಸಿ ನಿಲ್ಲುತ್ತಾಳೆ. ಹಸು ಅವಳ ಕೈಯನ್ನೇ ಒಂದು ಗಳಿಗೆ ನೋಡುತ್ತದೆ. ಆಮೇಲೆ ಒಂದು ಕಾಲು ಒಳಗಿಡುತ್ತದೆ.